ಬಸ್ಸು ನಿಲ್ಲುವುದೇ ಕೆರೆಯಂಗಳದಲ್ಲಿ

ಊಟಿ ಬಸ್ ನಿಲ್ದಾಣದಲ್ಲಿ ಇಳಿದವರಲ್ಲಿ ಹತ್ತಕ್ಕೆ ಎಂಟು ಮಂದಿ ಮೊದಲು ಕೇಳುವುದು 'ಲೇಕ್ ಎಲ್ಲಿ?' ಎಂದು. ಆಟೋದವರು ಕೈ ತೋರಿಸುತ್ತಾರೆ, ಜನ ಆ ಕಡೆ ನಡೆಯುತ್ತಾರೆ. ನಿಜ ಹೇಳಬೇಕೆಂದರೆ ಕೈ ತೋರಿಸುವ ಅಗತ್ಯವೇ ಇಲ್ಲ. ಇಳಿದ ಜಾಗವೇ ಕೆರೆ. 1823ರಿಂದ 1825ರೊಳಗೆ ಕಟ್ಟಿಸಿದ ಊಟಿ ಕೆರೆ ವರ್ಷ ಕಳೆದಂತೆ ಕುಗ್ಗುತ್ತಾ ಬಂತು. ಬಿಟ್ಟುಕೊಟ್ಟ ಜಾಗದಲ್ಲಿ ಕುದುರೆ ರೇಸಿನ ಮೈದಾನ ಬಂತು, ಉದ್ಯಾನ ಬಂತು, ಬಸ್ ನಿಲ್ದಾಣವೂ ಬಂತು. ಈಗ ದೋಣಿ ವಿಹಾರ ನಡೆಯುವುದು ಉಳಿದ ತುಂಡಿನಲ್ಲಿ.

ನಾವು ಮೂವರು ಇಳಿದಾಗಲೂ ಇದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಗು ಬಂತು. ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇವೆ, ಅದು ಧರ್ಮಾಂಬುಧಿ ಕೆರೆಯ ಅಂಗಳ. ಬೆಟ್ಟ ಹತ್ತಿ ಊಟಿಗೆ ಬಂದರೆ ಇಲ್ಲೂ ಅದೇ. ಬಸ್ಸಿನಲ್ಲಿ ಓಡಾಡುವ ನಮ್ಮಂಥವರ ಹಣೆಬರಹ ಕೆರೆಗಳ ಎದೆಯ ಮೇಲೆ ನಿಂತು ಬಸ್ಸು ಕಾಯುವುದು.

ನೀಲಗಿರಿಯ ಕೆರೆ, ಜೌಗುಗಳನ್ನು ಬಸ್ಸಿನಲ್ಲಿ ಹೋಗಿ, ಇಳಿದು, ನಡೆದು ನೋಡಬೇಕೆಂಬುದು ನಮ್ಮ ಹಳೆಯ ಆಸೆ. ಕಾರಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ನೀರು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಅಂಚಿನಲ್ಲೇ ಹರಿದುಹೋಗುತ್ತದೆ. ಪೈಕಾರ ಎಂಬ ಹೊಳೆ ನೀಲಗಿರಿಯ ಮೇಲೆ ಹುಟ್ಟಿ, ಕೆಳಗೆ ಬಂದು ಮೋಯಾರ್ ಎಂಬ ಹೆಸರು ಪಡೆದು, ಬಂಡೀಪುರಕ್ಕೂ ಮುದುಮಲೈಗೂ ನಡುವೆ ಗಡಿಯಾಗಿ ಹರಿದು, ಮುಂದೆ ಭವಾನಿಸಾಗರ ಸೇರುತ್ತದೆ. ಬಂಡೀಪುರದ ಆನೆ ಬೇಸಿಗೆಯಲ್ಲಿ ಕುಡಿಯುವ ನೀರಿನ ತವರು ಎಲ್ಲಿ ಎಂದು ನೋಡಿಬರೋಣ ಎಂದು ಜನವರಿ ಕೊನೆಯಲ್ಲಿ ಹೊರಟೆವು.

ಹೊರಡುವ ಮುನ್ನ ಚಾಮರಾಜನಗರದ ಪಾರ್ಶ್ವನಾಥ ಬಸದಿಗೆ ಹೋಗಿ ಬಂದೆವು. ಊಟಿಗೂ ಬಸದಿಗೂ ಏನು ಸಂಬಂಧ ಎನ್ನಬೇಡಿ. ಅಲ್ಲಿ 1117ರ ಒಂದು ಶಾಸನವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಎಂಬುವನು ತೋಡರನ್ನು ಹೆದರಿಸಿ, ನೀಲಾದ್ರಿಯನ್ನು ವಶಪಡಿಸಿಕೊಂಡ ಸಂಗತಿಯನ್ನು ಅದು ಹೇಳುತ್ತದೆ. ತೋಡರ ಹೆಸರು, ನೀಲಗಿರಿಯ ಹೆಸರು ಬರಹದಲ್ಲಿ ಕಾಣಿಸಿಕೊಂಡ ಮೊದಲ ದಾಖಲೆಗಳಲ್ಲಿ ಇದೂ ಒಂದು ಎಂದು ಇತಿಹಾಸಕಾರರು ಎಣಿಸುತ್ತಾರೆ. 900 ವರ್ಷಗಳ ಹಿಂದಿನ ಊಟಿಯ ಸುದ್ದಿ ಇರುವುದು ಊಟಿಯಲ್ಲಲ್ಲ, ನಮ್ಮ ಜಿಲ್ಲಾ ಕೇಂದ್ರದ ಕಲ್ಲಿನ ಮೇಲೆ. ಪೇಟೆಗೆ ಹೋದಾಗ ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ನೋಡಿ. ಗೆದ್ದವನ ಮಾತು ಮಾತ್ರ ಅಲ್ಲಿದೆ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಹೆದರಿದವರು ಏನು ಹೇಳುತ್ತಿದ್ದರೋ ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ.

ಆ ಊರಿಗೆ ಆಗ ಚಾಮರಾಜನಗರ ಎಂಬ ಹೆಸರಿರಲಿಲ್ಲ, ಅರಿಕುಠಾರ ಎನ್ನುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಈಗಿನ ಹೆಸರಿಟ್ಟದ್ದು 1818ರಲ್ಲಿ. ಸರಿಯಾಗಿ ಮರುವರ್ಷ, 1819ರ ಜನವರಿಯಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ. ನೀಲಗಿರಿ ಅದಕ್ಕೂ ಮುಂಚೆ ಟಿಪ್ಪುವಿನ ರಾಜ್ಯಕ್ಕೆ ಸೇರಿತ್ತು, 1799ರಲ್ಲಿ ಅವನು ಮಡಿದ ಮೇಲೆ ಕಂಪನಿಯ ಪಾಲಾಗಿತ್ತು. ಬೆಟ್ಟದ ಮೇಲಿನ ತಂಪು ಬಿಳಿಯರಿಗೆ ಹಿಡಿಸಿತು. ಸಲ್ಲಿವನ್ ಕಲ್ಲುಮನೆ ಕಟ್ಟಿಸಿದ, ತರಕಾರಿ ಬೆಳೆಸಿದ, ಕಣಿವೆಗೆ ಇಳಿಯುವ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿಸಿ ಕೆರೆ ಮಾಡಿಸಿದ. ಆ ಏರಿ ಮೂರು ಸಲ ಒಡೆದು ಕೆರೆ ಬರಿದಾದದ್ದೂ ಉಂಟು. ಈಗ ಬಸ್ಸು ಕಾಯುತ್ತಾ ನಿಲ್ಲುವವರು ಅದನ್ನು ನೆನೆಯದಿರುವುದೇ ವಾಸಿ.

ನಮ್ಮ ಬಸ್ಸು ಹೋಗುವ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ, ಕೆಕ್ಕನಹಳ್ಳದ ಗಡಿ, ತೆಪ್ಪಕಾಡು, ಗೂಡಲೂರು. ಅಲ್ಲಿಂದ ತಿರುವು ತಿರುವಾಗಿ ನಡುವಟ್ಟಂ, ಪೈಕಾರ, ಸ್ಯಾಂಡಿನಲ್ಲ, ಊಟಿ. ಮಸಿನಗುಡಿಯ ಕಡೆಯಿಂದ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿ ಹತ್ತಿರವಾದರೂ ನಮ್ಮ ಕಡೆಯ ಬಸ್ಸುಗಳು ಗೂಡಲೂರು ಸುತ್ತಿಯೇ ಹೋಗುತ್ತವೆ. ಸುತ್ತು ಎಂದು ಬೇಸರಪಡಬೇಡಿ, ನೋಡಬೇಕಾದ ನೀರೆಲ್ಲ ಇರುವುದು ಈ ದಾರಿಯಲ್ಲೇ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಊಟಿಯವರೆಗೆ ನಡೆಯುವುದಿಲ್ಲ ಎಂಬುದು ನಮ್ಮ ಗೆಳತಿಗೆ ಕಂಡಕ್ಟರ್ ಹೇಳಿದಾಗಲೇ ತಿಳಿದದ್ದು. ಅವಳು ಪರ್ಸು ತೆಗೆಯುತ್ತಾ ಗೊಣಗಿದ್ದನ್ನು ಇಲ್ಲಿ ಬರೆಯುವುದಿಲ್ಲ. ಗಡಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಹಿಡಿದುಕೊಳ್ಳುತ್ತಾರೆ, ಸ್ಟೀಲಿನದ್ದು ಒಯ್ಯಿರಿ.

ತೆಪ್ಪಕಾಡೆಂದರೆ ಆಸ್ಕರ್ ಬಂದ 'ಎಲಿಫೆಂಟ್ ವಿಸ್ಪರರ್ಸ್' ಚಿತ್ರದ ಆನೆ ಶಿಬಿರ ಇರುವ ಊರು. ಬಸ್ಸಿನಲ್ಲಿದ್ದವರೆಲ್ಲ ಆನೆ ಕಾಣುತ್ತದೇನೋ ಎಂದು ಕಿಟಕಿಗೆ ಬಿದ್ದರು. ನಾವು ನೋಡಿದ್ದು ಪಕ್ಕದ ಮೋಯಾರನ್ನು. ಜನವರಿಯಲ್ಲೂ ನೀರಿತ್ತು. ಮಳೆ ನಿಂತು ಎರಡು ತಿಂಗಳಾದರೂ ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಸಿಗಬೇಕಾದರೆ ಮೇಲೆ ಹತ್ತಬೇಕು.

ನಡುವಟ್ಟಂ ದಾಟುವಾಗ ಒಂದು ಕಥೆ ಇದೆ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ತೆಗೆಯುವ ಸಿಂಕೋನಾ ಮರಗಳನ್ನು ಬ್ರಿಟಿಷರು 1860ರ ದಶಕದಲ್ಲಿ ಇಲ್ಲಿ ನೆಟ್ಟರು. ಕೆಲಸಕ್ಕೆ ಚೀನಾ ಕೈದಿಗಳನ್ನೂ ಹಚ್ಚಿದ್ದರು. ಅದು ಇನ್ನೊಂದು ದಿನದ ಬರಹ, ಬಿಡೋಣ.

ಪೈಕಾರದಲ್ಲಿ ಇಳಿದೆವು. ಊಟಿಗೆ ಇನ್ನೂ ಸುಮಾರು 20 ಕಿ.ಮೀ. ಇದೆ. ಎಲ್ಲರೂ ದೋಣಿ ಮನೆಯ ಕಡೆ ಹೋದರೆ ನಾವು ರಸ್ತೆಯ ಅಂಚು ಹಿಡಿದು ನಡೆದೆವು. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇವೆ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಕಾನೂನು ಒಂದು ಕಡೆ, ಕಾಟಿ, ಹುಲಿ, ಆನೆ ಇನ್ನೊಂದು ಕಡೆ. ರಸ್ತೆ, ಊರಿನ ಕಾಲುದಾರಿ, ಇಲಾಖೆ ಬಿಡುವ ಜಾಗ, ಇಷ್ಟರಲ್ಲೇ ನೋಡುವುದಕ್ಕೆ ಬೇಕಾದಷ್ಟಿದೆ.

ರಸ್ತೆಯಿಂದ ಕೆಳಗೆ ನೋಡಿದರೆ ಬೋಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಹುಲ್ಲಿನ ಬಣ್ಣ ಬದಲಾಗುತ್ತದೆ. ಗುಡ್ಡದ ಮೇಲಿನದು ಇಬ್ಬನಿಗೆ ಸುಟ್ಟು ಕಂದಾಗಿರುತ್ತದೆ, ತಗ್ಗಿನದು ಹಸಿರು. ಅದೇ ಜೌಗು. ನಮ್ಮ ಕಡೆಯ ಕೆರೆಯಂತೆ ನೀರು ಬಯಲಾಗಿ ಕಾಣುವುದಿಲ್ಲ. ಕಾಲಿಟ್ಟರೆ ನೆಲ ಹಾಸಿಗೆಯಂತೆ ಕುಸಿಯುತ್ತದೆ, ಹೆಜ್ಜೆ ಎತ್ತಿದರೆ ಗುಂಡಿಯಲ್ಲಿ ನೀರು ತುಂಬುತ್ತದೆ. ರಸ್ತೆ ಬದಿಯ ಒಂದು ತೇವದ ಅಂಚಿನಲ್ಲಿ ನಮ್ಮ ಗೆಳೆಯ ಪರೀಕ್ಷೆ ಮಾಡಲು ಹೋಗಿ ಒಂದು ಚಪ್ಪಲಿಯನ್ನು ಅಲ್ಲೇ ಬಿಡುವುದರಲ್ಲಿದ್ದ.

ಈ ಕಪ್ಪು ಕೆಸರು ಸಾಮಾನ್ಯದ್ದಲ್ಲ. ಸತ್ತ ಹುಲ್ಲು ನೀರಿನಲ್ಲಿ ಮುಳುಗಿ, ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತದೆ. ಸಾವಿರಾರು ವರ್ಷದ ಪದರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಜೊತೆಗಾರರು ನೀಲಗಿರಿಯ ಈ ಕೆಸರನ್ನು ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಆನೆಗಳ ಅಧ್ಯಯನಕ್ಕೆ ಹೆಸರಾದ ಸುಕುಮಾರ್ ಅವರೇ. ಹುಲ್ಲುಗಾವಲಿನ ಹುಲ್ಲು ಬಿಟ್ಟುಹೋಗುವ ಇಂಗಾಲದ ಗುರುತು ಬೇರೆ, ಮರಗಿಡಗಳು ಬಿಟ್ಟುಹೋಗುವ ಗುರುತು ಬೇರೆ. ಪದರಗಳಲ್ಲಿ ಆ ಗುರುತು ಓದಿದರೆ ಯಾವ ಕಾಲದಲ್ಲಿ ಒಣ ಹವೆ ಇತ್ತು, ಯಾವ ಕಾಲದಲ್ಲಿ ಮುಂಗಾರು ಜೋರಾಗಿತ್ತು ಎಂದು ಹೇಳಬಹುದು. ಮೊದಲು 20,000 ವರ್ಷದ ಲೆಕ್ಕ ಸಿಕ್ಕಿತು. ಆಮೇಲೆ ಸ್ಯಾಂಡಿನಲ್ಲದ ಕೆಸರಿನಿಂದ ಅದು 40,000 ವರ್ಷದವರೆಗೆ ಹೋಯಿತು. ಸ್ಯಾಂಡಿನಲ್ಲ ಎಲ್ಲಿದೆ ಅಂದಿರಾ? ಇದೇ ಬಸ್ಸಿನ ದಾರಿಯಲ್ಲಿ. ದಿನಕ್ಕೆ ಎಷ್ಟು ಬಸ್ಸು ಅದನ್ನು ದಾಟುತ್ತವೋ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಪುಣಿಸನ ಶಾಸನಕ್ಕೆ 900 ವರ್ಷ, ಈ ಕೆಸರಿನ ಶಾಸನಕ್ಕೆ 40,000.

ಇದರಿಂದ ಒಂದು ಹಳೆಯ ತಪ್ಪು ತಿಳಿವಳಿಕೆಯೂ ಹೋಯಿತು. ಈ ಗುಡ್ಡಗಳಲ್ಲಿ ಮರವಿಲ್ಲದ್ದು ಯಾರೋ ಕಡಿದಿದ್ದರಿಂದ, ಇದು ಪಾಳು ನೆಲ ಎಂದು ಬಂದವರೆಲ್ಲ ತಿಳಿದಿದ್ದರು. ಪಾಳು ಎಂದ ಮೇಲೆ ಏನಾದರೂ ನೆಡಬೇಕಲ್ಲ. 1840ರ ದಶಕದಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಮರ ಬಂತು (ನೋಡಿ, ಹೊರಗಿನಿಂದ ಬಂದ ಮರಕ್ಕೆ ನಾವು ಬೆಟ್ಟದ ಹೆಸರನ್ನೇ ಕೊಟ್ಟೆವು), ಅಲ್ಲಿಂದಲೇ ವ್ಯಾಟಲ್ ಬಂತು. ಸ್ವಾತಂತ್ರ್ಯ ಬಂದ ಮೇಲೂ ಸರಕಾರವೇ ನೆಡುತೋಪು ಬೆಳೆಸಿತು. ಹುಲ್ಲುಗಾವಲು ಹೋಯಿತು, ಜೌಗಿನ ಅಂಚು ಒಣಗಿತು. ಹುಲ್ಲು ಮತ್ತು ಜೌಗು ಅಲ್ಲಿ ಸಾವಿರಾರು ವರ್ಷದಿಂದ ಇದ್ದವು, ಶೋಲಾ ಕಾಡು ಕಣಿವೆಯಲ್ಲಿ ಇತ್ತು, ಮೂರೂ ಸೇರಿದರೇ ಬೆಟ್ಟ ಎಂದು ಕೆಸರು ಹೇಳುವ ಹೊತ್ತಿಗೆ ಬಹಳ ನೆಲ ಕೈಬಿಟ್ಟಿತ್ತು.

ತೋಡರಿಗೆ ಇದು ಮೊದಲೇ ಗೊತ್ತಿತ್ತು. ಅವರ ಬದುಕು ಎಮ್ಮೆ, ಎಮ್ಮೆಯ ಬದುಕು ಹುಲ್ಲು ಮತ್ತು ಜೌಗು. ಕಮಾನಿನಂತೆ ಬಾಗಿದ ಅವರ ದೇಗುಲಗಳು ಹಾಲುಮನೆಗಳೂ ಹೌದು. ಅವುಗಳ ಮಾಡಿಗೆ ಹೊದಿಸುವ ಒಂದು ಜಾತಿಯ ಹುಲ್ಲು ಬೆಳೆಯುವುದು ನೀಲಗಿರಿಯ ಈ ಜೌಗುಗಳಲ್ಲಿ ಮಾತ್ರ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಎರಿಯೊಕ್ರೈಸಿಸ್ ರಂಗಾಚಾರಿ ಎಂದು ಹೆಸರು. ಜೌಗು ಹೋದರೆ ಹುಲ್ಲು ಇಲ್ಲ, ಹುಲ್ಲು ಇಲ್ಲದಿದ್ದರೆ ದೇವರ ಮನೆಗೆ ಸೂರಿಲ್ಲ. ಪೈಕಾರ ಹೊಳೆಯೂ ಅವರಿಗೆ ಪೂಜ್ಯ. ಊಟಿಯ ಉದ್ದ ಹೆಸರು ಉದಕಮಂಡಲದಲ್ಲಿರುವ 'ಮಂಡ' ತೋಡರ ಹಟ್ಟಿಗೆ ಹೊರಗಿನವರು ಹೇಳುವ 'ಮಂಡ್' ಎಂಬ ಮಾತಿನದೇ. ಊರಿಗೆ ಅವರ ಹೆಸರು ಉಳಿದಿದೆ, ಅವರು ಮಾತ್ರ ಈಗ ಎರಡು ಸಾವಿರದೊಳಗೆ.

ಪೈಕಾರದ ನೀರಿಗೆ ಬೇರೆ ಲೆಕ್ಕ ಹಾಕಿದವರೂ ಇದ್ದರು. ಬೆಟ್ಟದ ಮೇಲಿನ ನೀರನ್ನು ಕೊಳವೆಯಲ್ಲಿ ಕೆಳಗೆ ಬಿಟ್ಟು ಸಿಂಗಾರದಲ್ಲಿ ವಿದ್ಯುತ್ ತೆಗೆಯುವ ಕೆಲಸ 1932ರಲ್ಲಿ ಶುರುವಾಯಿತು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲೇ ಆಗಿತ್ತು, ಅಷ್ಟರ ಮಟ್ಟಿಗೆ ಮೈಸೂರು ಮುಂದೆ. ಆದರೆ ಪೈಕಾರದ ಕರೆಂಟು ಕೊಯಮತ್ತೂರಿನ ನಸೀಬನ್ನೇ ಬದಲಿಸಿತು, ಅಲ್ಲಿ ಹತ್ತಿ ಗಿರಣಿಗಳು ಸಾಲಾಗಿ ಎದ್ದವು. ದುಡ್ಡು ಕೊಟ್ಟು ನೋಡುವ ಪೈಕಾರ ಲೇಕ್ ಈ ವಿದ್ಯುತ್ತಿಗಾಗಿ ಕಟ್ಟಿ ನಿಲ್ಲಿಸಿದ ನೀರು. ನೀಲಗಿರಿಯಲ್ಲಿ ನಾವು 'ಲೇಕ್' ಎಂದು ಫೋಟೊ ತೆಗೆದುಕೊಳ್ಳುವ ಬಹುತೇಕ ಎಲ್ಲವೂ ಮನುಷ್ಯ ಕಟ್ಟಿದವು. ಬೆಟ್ಟದ ಸ್ವಂತ ನೀರಿನ ಜಾಗಗಳಿಗೆ ಹೆಸರಿಲ್ಲ, ಫಲಕವಿಲ್ಲ, ಟಿಕೆಟ್ಟೂ ಇಲ್ಲ.

ಸಂಜೆ ನಾಲ್ಕಕ್ಕೆ ವಾಪಸು ರಸ್ತೆಗೆ ಬಂದು ನಿಂತೆವು. ಒಂದು ಬಸ್ಸು ಬಂತು, ಕೈ ತೋರಿಸಿದೆವು, ತುಂಬಿದೆ ಎಂಬಂತೆ ಡ್ರೈವರ್ ತಲೆಯಾಡಿಸಿ ಹೋದ. ಎರಡನೆಯದು ಅಷ್ಟೂ ಮಾಡಲಿಲ್ಲ. ಒಂದೂವರೆ ಗಂಟೆ ಚಳಿಯಲ್ಲಿ ನಿಂತೆವು. ಬೆಟ್ಟದಲ್ಲಿ ಬಿಸಿಲು ಇಳಿದ ಕೂಡಲೇ ಚಳಿ ಬಂದು ಕಿವಿ ಹಿಡಿಯುತ್ತದೆ. ಕೊನೆಗೆ ನಿಲ್ಲಿಸಿದ್ದು ತರಕಾರಿ ಚೀಲಗಳ ನಡುವೆ ಜನ ನಿಂತಿದ್ದ ಒಂದು ಸ್ಥಳೀಯ ಬಸ್ಸು. ದೂರದ ಬಸ್ಸುಗಳನ್ನು ನಡುದಾರಿಯಲ್ಲಿ ನಂಬಬೇಡಿ, ಸ್ಥಳೀಯ ಬಸ್ಸಿನ ಹೊತ್ತು ಕೇಳಿಕೊಂಡೇ ಇಳಿಯಿರಿ.

ಮರುದಿನ ಎಮರಾಲ್ಡಿಗೆ ಹೋಗುವ ಬಸ್ಸಿನಲ್ಲಿ ಬಿಳಿ ಪಂಚೆ, ಬಿಳಿ ಹೊದಿಕೆಯ ಒಬ್ಬ ಹಿರಿಯರು ಪಕ್ಕದಲ್ಲಿ ಕೂತರು. ನಾವು ಮಾತನಾಡುವುದನ್ನು ಕೇಳಿಸಿಕೊಂಡು, "ಮೈಸೂರು ಸೀಮೆಯವರಾ?" ಎಂದರು. "ಹೌದು ಯಜಮಾನರೇ, ಗುಂಡ್ಲುಪೇಟೆ ಕಡೆಯವರು" ಎಂದೆವು. "ನಮ್ಮ ಹಿರೀಕರೂ ಆ ಕಡೆಯಿಂದಲೇ ಬಂದದ್ದು ಅಂತಾರೆ" ಎಂದು ನಕ್ಕರು. ಬಡಗರು. ಬಡಗು ಎಂದರೆ ಉತ್ತರ, ಉತ್ತರದಿಂದ ಬಂದವರಾದ್ದರಿಂದ ಆ ಹೆಸರು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ, ಬೇಗ ಆಡಿದರೆ ತಪ್ಪಿಹೋಗುತ್ತದೆ, ನಿಧಾನಕ್ಕೆ ಆಡಿದರೆ ಅರ್ಧಕ್ಕಿಂತ ಹೆಚ್ಚು ದಕ್ಕುತ್ತದೆ. ಊರಿಗೆ ಹಟ್ಟಿ ಎನ್ನುತ್ತಾರೆ. 2,637 ಮೀಟರ್ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟ ಎಂಬ ಹೆಸರು ಎಲ್ಲಿಂದ ಬಂತು ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಹಿರಿಯರು ಕಿಟಕಿಯಿಂದ ಒಂದು ಕಣಿವೆ ತೋರಿಸಿದರು. ಸಾಲು ಸಾಲು ಕ್ಯಾರೆಟ್, ನಡುವೆ ಪೈಪು, ಪಂಪುಸೆಟ್ಟು. "ಅಲ್ಲಿ ನಾನು ಹುಡುಗನಾಗಿದ್ದಾಗ ಎಮ್ಮೆ ಇಳಿದರೆ ಎತ್ತೋಕೆ ನಾಲ್ಕು ಜನ ಬೇಕಿತ್ತು" ಎಂದರು. ಜೌಗಿಗೆ ಕಾಲುವೆ ತೋಡಿ ನೀರು ಬಸಿದು ಆಲೂಗಡ್ಡೆ ಹಾಕಿದರಂತೆ, ಆಮೇಲೆ ಕ್ಯಾರೆಟ್. "ಯಾರು ಮಾಡಿದ್ದು?" ಎಂದು ನಮ್ಮ ಗೆಳತಿ ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ" ಎಂದರು. "ಅದರಲ್ಲೇ ನಾನು ಓದಿದ್ದು. ಈಗ ಮಾರ್ಚಿ ಬಂದರೆ ನಮ್ಮ ಹಟ್ಟಿಗೇ ನೀರಿಗೆ ತಾಪತ್ರಯ." ನಾವೇನು ಹೇಳುವುದು? ಆ ಕ್ಯಾರೆಟ್ಟೇ ನಮ್ಮ ಸಂತೆಯಲ್ಲಿ 'ಊಟಿ ಕ್ಯಾರೆಟ್' ಎಂದು ಒಳ್ಳೆ ಬೆಲೆಗೆ ಹೋಗುವುದು, ನಾವೇ ಕೊಳ್ಳುವುದು.

ಎಮರಾಲ್ಡಿನಲ್ಲಿ ಇಳಿದು ಊರ ದಾರಿಯಲ್ಲಿ ಜಲಾಶಯದ ಮಗ್ಗುಲಲ್ಲಿ ನಡೆದೆವು. ಎಮರಾಲ್ಡ್, ಅವಲಾಂಚಿ ಎರಡೂ ಕುಂದಾ ವಿದ್ಯುತ್ ಯೋಜನೆಯ ನೀರು. ಕೊಲಂಬೊ ಯೋಜನೆಯಡಿ ಕೆನಡಾ ದೇಶ ನೆರವು ಕೊಟ್ಟು 1950ರ ದಶಕದಲ್ಲಿ ಆರಂಭವಾದದ್ದು. ಅವಲಾಂಚಿ ಎಂಬ ಹೆಸರು ಮಾತ್ರ ಅದಕ್ಕೂ ಹಳೆಯದು. 1823ರಲ್ಲಿ ಅಲ್ಲಿ ಗುಡ್ಡವೇ ಜರಿದು ಬಿದ್ದಿತ್ತು. ಸಲ್ಲಿವನ್ ಊಟಿ ಕೆರೆಗೆ ಕೈಹಾಕಿದ ವರ್ಷವೂ ಅದೇ. 2019ರ ಆಗಸ್ಟಿನಲ್ಲಿ ಅದೇ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 800 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಚಾಮರಾಜನಗರದ ಕಡೆ ಹೆಚ್ಚುಕಮ್ಮಿ ಒಂದು ವರ್ಷಕ್ಕೆ ಬೀಳುವ ಮಳೆ ಅದು. ಅಂಥ ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಹುಲ್ಲು ಮತ್ತು ಜೌಗಿನ ಕೆಲಸ. ಬಸಿದು ಒಣಗಿಸಿದ ಕಣಿವೆಗೆ ಆ ತಾಕತ್ತಿಲ್ಲ, ಬಂದದ್ದು ಬಂದಂತೆ ಮಣ್ಣು ಸಮೇತ ಇಳಿದುಹೋಗುತ್ತದೆ. ಅವಲಾಂಚಿಯ ಕಾಡಿನೊಳಗೆ ಅರಣ್ಯ ಇಲಾಖೆಯ ವಾಹನದಲ್ಲೇ ಹೋಗಬೇಕು. ನಾವು ಹೋಗಲಿಲ್ಲ, ಕಾಯುವವರ ಸಾಲು ಉದ್ದವಿತ್ತು.

ಇಲ್ಲಿ ಈಗ 500 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ನಡೆಯುತ್ತಿದೆ. ಮೇಲಿನ ಪೋರ್ತಿಮಂಡ್ ಜಲಾಶಯಕ್ಕೂ ಕೆಳಗಿನ ಅವಲಾಂಚಿ-ಎಮರಾಲ್ಡಿಗೂ ನಡುವೆ ನೀರನ್ನು ಇಳಿಸುವುದು, ಮತ್ತೆ ಏರಿಸುವುದು. ಶರಾವತಿ ಕಣಿವೆಯಲ್ಲಿ ಇಂಥದ್ದೇ ಯೋಜನೆಗೆ ಎದ್ದಿರುವ ಗದ್ದಲ ಓದಿದವರಿಗೆ ಹೆಸರು ಹೊಸದಲ್ಲ. ಅಲ್ಲಿನ ವಾದವನ್ನು ಇಲ್ಲಿಗೆ ಎಳೆಯುವುದಿಲ್ಲ. ಆದರೆ ಯೋಜನಾ ವರದಿಗಳಲ್ಲಿ ಮೆಗಾವಾಟ್ ಎಣಿಸುವ ಕೈಗಳು ಜೌಗಿನ ಎಕರೆಯನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಲಿ ಎಂಬುದು ನಮ್ಮ ಅನಿಸಿಕೆ.

ಮೂರನೆಯ ದಿನ ಕೊತ್ತಗಿರಿ ಬಸ್ಸು ಹಿಡಿದೆವು, ಲಾಂಗ್‌ವುಡ್ ಶೋಲಾ ನೋಡಲು. ಕೊತ್ತಗಿರಿಯಿಂದ ನಡೆದೇ ಹೋಗುವಷ್ಟು ಹತ್ತಿರ. ಕೇವಲ 116 ಹೆಕ್ಟೇರ್ ಕಾಡು, ಸುತ್ತ ಚಹಾ ತೋಟ, ಮನೆಗಳು. 2024ರ ಜನವರಿಯಲ್ಲಿ ಇದಕ್ಕೆ ರಾಮ್ಸಾರ್ ಪಟ್ಟ ಸಿಕ್ಕಿತು, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ಪ್ರದೇಶ ಎಂಬ ಮನ್ನಣೆ. ಅದೇ ಸಲ ನಮ್ಮ ರಾಜ್ಯದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆಗೂ ಸಿಕ್ಕಿತ್ತು. ಕಾಡು ಹೇಗೆ ಜೌಗು ಎಂದು ನಮಗೂ ಅನುಮಾನವಿತ್ತು. ಅನುಮತಿ ಪಡೆದು ಒಳಗೆ ಹೋದ ಮೇಲೆ ಅದು ಹೋಯಿತು. ಮರದ ಬುಡದಲ್ಲೆಲ್ಲ ಪಾಚಿ, ಎಲೆಯ ಕೆಳಗೆ ಒಸರು, ಎಲ್ಲಿ ನಿಂತರೂ ಎಲ್ಲೋ ನೀರು ಹರಿಯುವ ಸದ್ದು. ಸುತ್ತಲಿನ ಹಟ್ಟಿಗಳಿಗೆ ಕುಡಿಯುವ ನೀರು ಇದರಿಂದಲೇ ಹೋಗುತ್ತದೆ. ಒಂದು ಕಾಲಕ್ಕೆ ಸೌದೆಗೆ ಕಡಿದು ಸೊರಗಿದ್ದ ಕಾಡಿದು. ಊರವರೇ ಅರಣ್ಯ ಇಲಾಖೆಯ ಜೊತೆ ನಿಂತು ಕಳೆ ಕಿತ್ತು, ಕಾವಲು ಕಾದು ಉಳಿಸಿಕೊಂಡಿದ್ದಾರೆ.

ಬಸ್ಸಿನ ಬಗ್ಗೆ ಇನ್ನೊಂದು ಮಾತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಕಾರಿನಲ್ಲಿ ಹೋಗುವವರಿಗೆ ಇ-ಪಾಸ್ ಬೇಕು. 2025ರ ಏಪ್ರಿಲಿನಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯೂ ಬಂತು, ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000. ಸರಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸೂ ಬೇಡ, ಮಿತಿಯೂ ಇಲ್ಲ. ಮೇಟ್ಟುಪಾಳ್ಯದಿಂದ ಬರುವ ಹಲ್ಲುಹಳಿಯ ರೈಲಿಗೂ ಅಷ್ಟೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಗೆ ಬಂದ ಆ ರೈಲು ಬ್ರಿಟಿಷರ ಬೇಸಿಗೆ ಸುಖಕ್ಕೆ ಹಾಕಿದ್ದಾದರೂ ಈಗ ಕೂನೂರು ಊಟಿ ನಡುವೆ ಓಡಾಡಲು ಅದಕ್ಕಿಂತ ಚೆಂದದ ದಾರಿ ನಮಗೆ ಕಾಣಲಿಲ್ಲ.

ವಾಪಸು ಬರುವಾಗ ಹೊತ್ತಿನ ಮೇಲೆ ಕಣ್ಣಿಡಿ. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಬಿಡುವು. ನಾವು ಮಧ್ಯಾಹ್ನವೇ ಊಟಿಯಲ್ಲಿ ಬಸ್ಸು ಹತ್ತಿದೆವು. ಕೆರೆಯಂಗಳ ಬಿಟ್ಟು ಬಸ್ಸು ಹೊರಟಿತು. ಸ್ಯಾಂಡಿನಲ್ಲದಲ್ಲಿ ಈ ಸಲ ಮೂವರೂ ಎದ್ದು ಎಡಕ್ಕೂ ಬಲಕ್ಕೂ ಬಾಗಿ ನೋಡಿದೆವು. ಹಿಂದಿನ ಸೀಟಿನ ಅಮ್ಮ, "ಏನು ಕಂಡ್ರಪ್ಪಾ, ಆನೆನಾ?" ಎಂದರು. "ಇಲ್ಲ ಅಮ್ಮಾ, ಕೆಸರು" ಎಂದ ನಮ್ಮ ಗೆಳೆಯ. ಅವರು ಅವನನ್ನೇ ಸ್ವಲ್ಪ ಹೊತ್ತು ನೋಡಿ ಸೆರಗು ಹೊದ್ದು ಕಣ್ಣು ಮುಚ್ಚಿದರು. ತೆಪ್ಪಕಾಡಿಗೆ ಬರುವಾಗ ಇನ್ನೂ ಬೆಳಕಿತ್ತು. ಮೋಯಾರ್ ಹೋಗುವಾಗ ಇದ್ದಷ್ಟೇ ಇತ್ತು, ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.